ಬಾಡಿಗೆ ಮನೆಯ ಕುರಿಮರಿ

ಕಳೆದ ರವಿವಾರ ನಮ್ಮ ಜಮಖಂಡಿ ಮನೆಯ ಮಹಡಿ ಕೋಣೆ ಕೇಳಿಕೊಂಡು ಒಬ್ಬ ಹುಡುಗಿ ಬಂದಳು. ಬ್ಯಾಂಕಿನಲ್ಲಿ ಹೊಸ ನೌಕರಿ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಡಾಕ್ಟರ್ ಚೀಟಿ. ಬುಟ್ಟಿಯಲ್ಲಿ ಬೆಕ್ಕು! (ಊರು ಮುಧೋಳವಂತೆ. ನಾಯಿಯಾದರೂ ಆಗಬಾರದಿತ್ತೇ?)

"ಸರ್, ಇದು ಇಮೋಷನಲ್ ಸಪೋರ್ಟ್ ಅನಿಮಲ್ ರೀ. ಅವ್ವ ಹೋದ ಮ್ಯಾಲೆ ಒಬ್ಬಾಕಿಗೆ ಇರಾಕ ಆಗವಲ್ದು. ಎದಿ ಢವಢವ ಅಂತೈತಿ. ಇದು ಮಗ್ಗಲದಾಗ ಕುಂತ್ರ ಸಮಾಧಾನ ಆಕ್ಕೈತಿ. ಈಗಾಗ್ಲೇ ಮೂರು ಮನಿಯವ್ರು ಒಲ್ಲೆ ಅಂದ್ರು."

ನಾನು ಯೂನಿವರ್ಸಿಟಿಯಲ್ಲಿ ಓದಿದವನು. ಚೀಟಿ ಕಂಡರೆ ಮೊದಲು ಸೀಲು ನೋಡುತ್ತೇನೆ; ಇದನ್ನೂ ಇಸಿದುಕೊಂಡು ಸೀಲನ್ನೇ ನೋಡಿದೆ. ಬೆಕ್ಕಿಗೆ ಇಂಗ್ಲಿಷ್ ಹೆಸರಿಟ್ಟರೆ ಅದು ಔಷಧಿಯಾಗುತ್ತದೆಯೇ?

"ಪ್ರಾಣಿ ಸಾಕೋರಿಗೆ ಕೊಡಂಗಿಲ್ಲವಾ," ಅಂದೆ.

ಒಳಗಿನಿಂದ ಹೆಂಡತಿ ಬಂದಳು. "ರೀ, ಬನಹಟ್ಟಿ ಮರತ್ರೇನು?"

ಮರೆಯುವುದುಂಟೇ? ಮದುವೆಯಾದ ಹೊಸತು. ಬನಹಟ್ಟಿಯಲ್ಲಿ ಮಗ್ಗದ ಮಾಲೀಕರೊಬ್ಬರ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆವು. ಮುಂದೆ ದಿನವಿಡೀ ಖಟಕ್ ಖಟಕ್. ಏಳು ತಿಂಗಳ ಕೂಸನ್ನು ಹೊಟ್ಟೆಯಲ್ಲೇ ಕಳೆದುಕೊಂಡ ಇವಳು ಮಾತೇ ಬಿಟ್ಟಿದ್ದಳು. ಹಿಪ್ಪರಗಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದ ಹೆಂಗಸೊಬ್ಬಳು, ಬಾಗಿಲಲ್ಲಿ ಕೂತಿದ್ದ ಇವಳನ್ನು ನೋಡಿದವಳೇ, ತಾಯಿ ಸತ್ತ ಮರಿಯೊಂದನ್ನು ಮಡಿಲಿಗೆ ಹಾಕಿದಳು. "ಹಾಲು ಕುಡಸು ತಂಗಿ. ಬೀರಪ್ಪ ದೇವ್ರು ಕೊಟ್ಟಾನ ಅನಕೋ."

ಸೀಲೂ ಇಲ್ಲ, ಸಹಿಯೂ ಇಲ್ಲ.

ಮರಿ ಬೆಳೆಯಿತು. ಒಂದು ಬೆಳಿಗ್ಗೆ ಮುಂದಿನ ಅಂಗಳಕ್ಕೆ ನುಗ್ಗಿ, ಗಂಜಿ ಹಚ್ಚಿ ಒಣಗಲು ಹಾಕಿದ್ದ ನೂಲನ್ನೆಲ್ಲ ನೆಕ್ಕಿ, ಜಗಿದು, ಗಂಟು ಮಾಡಿತು. ಮಾಲೀಕರು ಕೆಂಡವಾದರು. "ಇವತ್ತ ಮರಿ ಹೋಗಬೇಕು, ಇಲ್ಲಾ ನೀವು ಹೋಗಬೇಕು!"

ನಾನು ಅಡ್ಡ ನಿಂತೆ. ಇವಳ ಸ್ಥಿತಿ ವಿವರಿಸಿದೆ. ಮರಿ ಉಳಿಯಿತು. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. (ಈ ಅಂಕಣದಲ್ಲೂ ಒಮ್ಮೆ ಬರೆದ ನೆನಪು.) ಹುಡುಗಿಗೂ ಹೇಳಿದೆ.

"ಸುಳ್ಳ!" ಅಂದಳು ಹೆಂಡತಿ, ಅವಳೆದುರಿಗೇ. "ಮರಿ ಹೋಗ್ಲಿ ಬಿಡ್ರಿ ಅಂದಾವ್ರು ನೀವು. ಹಗ್ಗಾ ಹಿಡದು ಹೊರಗ ಎಳಕೊಂಡು ಹೊಂಟಿದ್ರಿ. ನಾ 'ಒಯ್ಯಬ್ಯಾಡ್ರೀ' ಅಂತ ಚೀರಿದೆ. ಎಷ್ಟೋ ದಿನದ ಮ್ಯಾಲೆ ನನ್ನ ಬಾಯಾಗ ಬಂದ ಮೊದಲ ಮಾತು ಅದು. ಅದನ್ನ ಕೇಳಿ ನಿಮ್ಮ ಕೈಯಾಗಿನ ಹಗ್ಗಾ ಕಸಗೊಂಡಾವ್ರು ಮಾಲಕರು!"

ನಾನು ಕೈಯಲ್ಲಿದ್ದ ಚೀಟಿಯನ್ನು ಮಡಚತೊಡಗಿದೆ. ಅವಳು ಬಿಡಲಿಲ್ಲ.

"ಏನಂದ್ರು ಗೊತ್ತೈತೇನು? 'ಹಸದ ಕೂಸಿನ ಮುಂದ ಗಂಜಿ ಹರವಿ, ಅದನ್ನ ಬೈದ್ರ ಹ್ಯಾಂಗ ತಂಗಿ?' ಮರುದಿನದಿಂದ ನೂಲಿಗೆ ಹಚ್ಚಿ ಉಳಿದ ಗಂಜಿ ಒಂದು ಪರಾತದಾಗ ಹಾಕಿ ನಮ್ಮ ಬಾಗಲಕ್ಕ ಇಡತಿದ್ರು."

ಹೌದು, ಪರಾತ ನೆನಪಿದೆ. ಅದನ್ನು ಇಡುತ್ತಿದ್ದವರು ಯಾರೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲವಲ್ಲ! ನನ್ನ ನೆನಪಿನಲ್ಲಿ ನನ್ನ ಭಾಷಣವಿದೆ, ಅವಳ ಚೀರಾಟವಿಲ್ಲ. ಹಾಗಾದರೆ ಯಾವುದು ಖರೆ? ಡಾಕ್ಟರ್ ಚೀಟಿಯನ್ನೇ ನಂಬದವನು, ನನ್ನನ್ನು ಮಾತ್ರ ಇಷ್ಟು ಸಲೀಸಾಗಿ ನಂಬಿದ್ದು ಹೇಗೆ?

ಹುಡುಗಿ ಬುಟ್ಟಿ ಎತ್ತಿಕೊಂಡು ಎದ್ದಳು. "ಬರ್ತೀನ್ರಿ ಸರ್."

"ಕುಂದರವಾ," ಅಂದ ಹೆಂಡತಿ ಬಟ್ಟಲಲ್ಲಿ ಹಾಲು ತಂದಳು. ಬೆಕ್ಕು ನನ್ನ ಕಡೆ ನೋಡದೆ ಕುಡಿಯಿತು. ನಾನು ಚೀಟಿ ಓದದೆಯೇ ವಾಪಸ್ ಕೊಟ್ಟು, ಮಹಡಿಯ ಕೀಲಿ ತಂದು ಅವಳ ಕೈಗಿಟ್ಟೆ.

ಹೌದು, ಕೀಲಿ ಕೊಟ್ಟವನು ನಾನೇ. (ಹೆಂಡತಿಯನ್ನು ಕೇಳಿಯೇ ಬರೆಯುತ್ತಿದ್ದೇನೆ.)