ನಸ್ರೀನ್ ಬೆಳೆಸಿದ ಹರಳು

ನಾನು ತುಮಕೂರಿನಲ್ಲಿ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು. ಆಗ ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದವಳು ನಸ್ರೀನ್. ಅವಳ ತಂದೆಗೆ ಕುಣಿಗಲ್‌ನಲ್ಲಿ ಟೈಲರ್ ಅಂಗಡಿ. ದಿನಾ ಬೆಳಿಗ್ಗೆ ಹೆಬ್ಬೂರಿನ ಮೇಲೆ ಬರುವ ಬಸ್ಸಿನಲ್ಲಿ ಬಂದು, ನಮಗಿಂತ ಮೊದಲೇ ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಿದ್ದಳು.

ನನ್ನ ಹಳೆಯ ಪ್ರಬಂಧವೊಂದರಲ್ಲಿದ್ದ ಸಂಯುಕ್ತದಿಂದ ಅವಳ ಕೆಲಸ ಶುರುವಾಗಬೇಕಿತ್ತು. ಅದು ಕರಗುವುದು ೧೬೨ ಡಿಗ್ರಿಗೆ ಎಂದು ನಾನು ಬರೆದಿದ್ದೆ. ಅವಳದು ೧೮೭ಕ್ಕೆ ಕರಗುತ್ತಿತ್ತು.

"ನಿನ್ನ ಸ್ಯಾಂಪಲ್ ಶುದ್ಧ ಇಲ್ಲ ಕಣಮ್ಮ," ಎಂದೆ.

"ಇನ್ನೊಂದ್ಸಲ ಮಾಡ್ತೀನಿ ಸರ್."

ಮಾಡಿದಳು. ಮತ್ತೆ ಅದೇ. ಮೂರನೆಯ ಸಲ ನನ್ನ ಕೋಣೆಗೆ ಬಂದು ನಿಂತಳು. "ಸರ್, ಅಶುದ್ಧ ಆಗಿದ್ರೆ ಕಮ್ಮಿ ಶಾಖಕ್ಕೇ ಕರಗ್ಬೇಕಿತ್ತು. ಇದು ಜಾಸ್ತಿಗೆ ಕರಗ್ತಿದೆ. ಅಣುವಲ್ಲಿರೋ ಉಂಗುರ ನಾವ್ ಅಂದ್ಕೊಂಡಿರೋ ನೈಟ್ರೋಜನ್ ಹತ್ರ ಮುಚ್ಕೊಂಡಿಲ್ಲ ಅನ್ಸುತ್ತೆ. ಪಕ್ಕದ್ ನೈಟ್ರೋಜನ್ ಹತ್ರ ಮುಚ್ಕೊಂಡಿದೆ."

ಎಂದರೆ ನಾನು ಅಚ್ಚು ಹಾಕಿಸಿದ್ದ ಅಣುರಚನೆಯೇ ತಪ್ಪು. ನನಗೆ ಸಿಟ್ಟು ಬಂತು. "ಆಮೇಲೆ ನೋಡೋಣ," ಎಂದು ಕಳಿಸಿಬಿಟ್ಟೆ.

ಗುಬ್ಬಿಯ ಕಾಲೇಜೊಂದರಲ್ಲಿ ಅವಳಿಗೆ ಉಪನ್ಯಾಸಕಿ ಕೆಲಸ ಸಿಗುವುದಿತ್ತು. ಪದವಿ ತಡವಾದರೆ ಅದು ಕೈತಪ್ಪುತ್ತಿತ್ತು. ನನ್ನ ಸಹೋದ್ಯೋಗಿಯೊಬ್ಬರು ಅವಳ ಮೇಲಿನ ಅಕ್ಕರೆಯಿಂದಲೇ ಹೇಳಿದರು: "ಆ ಸಂಯುಕ್ತ ಬಿಟ್ಬುಡಮ್ಮ, ಬೇರೇದು ತಗೋ. ಮೇಷ್ಟ್ರನ್ನ ಯಾಕ್ ಎದುರು ಹಾಕ್ಕೋತೀಯ?"

"ಬಿಟ್ರೆ ನಾಳೆ ಇನ್ನೊಬ್ರು ಇದನ್ನೇ ನಂಬ್ಕೊಂಡು ವರ್ಷಗಟ್ಲೆ ಕೆಲ್ಸ ಮಾಡ್ತಾರೆ ಸರ್," ಎಂದಳು. ಬಾಗಿಲಾಚೆ ನಿಂತಿದ್ದ ನನಗೆ ಅದು ಕೇಳಿಸಿತು. ನಾಚಿಕೆಯಾಯಿತು.

ಮರುದಿನ ಏಪ್ರನ್ ತೊಟ್ಟು ಅವಳ ಪಕ್ಕ ನಿಂತು ಆ ಪ್ರಯೋಗವನ್ನು ನಾನೇ ಮಾಡಿದೆ. ೧೮೭. ಅಣುರಚನೆ ಖಚಿತವಾಗಬೇಕಾದರೆ ಒಳ್ಳೆಯ ಹರಳೊಂದನ್ನು ಎಕ್ಸ್-ರೇ ಪರೀಕ್ಷೆಗೆ ಒಡ್ಡಬೇಕು. ನಸ್ರೀನ್ ಸಣ್ಣ ಸೀಸೆಗಳಲ್ಲಿ ದ್ರಾವಣ ತುಂಬಿ, ಯಾರೂ ಅಲುಗಾಡಿಸದಂತೆ ಕಪಾಟಿನಲ್ಲಿಟ್ಟು, ಅದು ನಿಧಾನವಾಗಿ ಆರಲು ಬಿಟ್ಟಳು. ಹನ್ನೊಂದು ಸೀಸೆಗಳಲ್ಲಿ ಬರೀ ಪುಡಿ. ಹನ್ನೆರಡನೆಯದರಲ್ಲಿ ಸಾಸಿವೆಗಿಂತ ಚಿಕ್ಕದಾದ ಹಳದಿ ಹರಳು. ಅದನ್ನು ಹತ್ತಿಯಲ್ಲಿ ಸುತ್ತಿ ಬೆಂಗಳೂರಿನ ಎಕ್ಸ್-ರೇ ಪ್ರಯೋಗಾಲಯಕ್ಕೆ ತಾನೇ ಒಯ್ದಳು.

ಅವಳು ಹೇಳಿದ್ದೇ ಸರಿಯಾಗಿತ್ತು. ನಾನು ಸಂಶೋಧನಾ ಪತ್ರಿಕೆಗೆ ಬರೆದು ನನ್ನ ಪ್ರಬಂಧಕ್ಕೆ ತಿದ್ದುಪಡಿ ಹಾಕಿಸಿದೆ. ಇಷ್ಟರಲ್ಲಿ ಗುಬ್ಬಿಯ ಕೆಲಸ ಬೇರೆಯವರ ಪಾಲಾಗಿತ್ತು. ಮರುವರ್ಷ, ಪದವಿ ಬಂದ ಮೇಲೆ, ಅವಳಿಗೆ ತುಮಕೂರಿನಲ್ಲೇ ಕೆಲಸ ಸಿಕ್ಕಿತು.

ಅವಳ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದರು: "ಈ ತಪ್ಪನ್ನ ಕಂಡುಹಿಡಿದವರು ಯಾರು?"

ನಸ್ರೀನ್ ನನ್ನ ಕಡೆ ನೋಡಿದಳು. "ನಮ್ ಲ್ಯಾಬಲ್ಲೇ ಸರ್, ಎಲ್ರೂ ಸೇರಿ," ಎಂದಳು.

ನಾನು ಎದ್ದು ನಿಂತೆ. "ಕಂಡುಹಿಡಿದೋಳು ಇವಳು. ತಪ್ಪು ಮಾಡಿದೋನು ನಾನು."

ಮೂವತ್ತು ವರ್ಷ ಪಾಠ ಹೇಳಿದವನು ಕಡೆಗಾಲದಲ್ಲಿ ಕಲಿತದ್ದು ಇಷ್ಟು: ವಿದ್ಯಾರ್ಥಿ ಸೀಸೆ ಹಿಡಿದು ಬಂದಾಗ, ಪುಸ್ತಕ ತೆರೆಯುವ ಮೊದಲು ಸೀಸೆಯೊಳಗೆ ಏನಿದೆಯೆಂದು ನೋಡಬೇಕು.