ಇಪ್ಪತ್ತೇಳನೆಯ ಪ್ರಶ್ನೆ

ನಮ್ಮ ವಾಣಿಜ್ಯ ಭೂಗೋಳದ ಪ್ರಾಧ್ಯಾಪಕರು ದೀಪಾವಳಿ ರಜೆಗೆ ಮುಂಚೆ ಕೊಟ್ಟ ಪಟ್ಟಿಯಲ್ಲಿ ನಲವತ್ತು ಪ್ರಶ್ನೆಗಳಿದ್ದವು. ಹೊರದೇಶದ ಒಂದು ಪೇಟೆಯನ್ನು ಆರಿಸಿಕೊಂಡು, ಅಲ್ಲಿಯ ಜನರ ಬಗ್ಗೆ ಆ ನಲವತ್ತಕ್ಕೂ ಉತ್ತರ ಬರೆದು ತರಬೇಕಿತ್ತು. ಪೇಟೆ ಯಾವ ವಾರ ಮುಚ್ಚಿರುತ್ತದೆ, ಇಬ್ಬರು ಎದುರಾದರೆ ಮೊದಲು ಯಾರು ಮಾತಾಡಿಸಬೇಕು, ವ್ಯಾಪಾರದ ಮಾತನ್ನು ಯಾವಾಗ ತೆಗೆಯಬೇಕು, ಸರಕು ಕಟ್ಟುವ ಬಟ್ಟೆಗೆ ಯಾವ ಬಣ್ಣ ಆಗದು, ಇಂಥವು. ಬೊಂಬಾಯಿಯಲ್ಲಿ ನನ್ನ ಜೊತೆ ಬಿ.ಕಾಂ. ಓದುತ್ತಿದ್ದ ಮೂವತ್ತಾರು ಜನರಲ್ಲಿ ಹೆಚ್ಚಿನವರು ಲಂಡನ್ ಎಂದು ಬರೆಸಿ ಗ್ರಂಥಾಲಯದ ದಾರಿ ಹಿಡಿದರು. ನಾನು ಬಸ್ರಾ ಎಂದು ಬರೆಸಿದೆ.

ಬಸ್ರಾ ಎನ್ನಲು ಕಾರಣವಿತ್ತು. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿಂದ ಖರ್ಜೂರ ತುಂಬಿಕೊಂಡ ಹಾಯಿಹಡಗುಗಳು ಭಟ್ಕಳಕ್ಕೆ ಬರುತ್ತಿದ್ದವು. ನನ್ನ ಸೋದರತ್ತೆಯ ಮನೆ ಭಟ್ಕಳದ ಬಂದರದಿಂದ ಮುನ್ನೂರ ಹತ್ತು ಹೆಜ್ಜೆ. ಆರನೆಯ ವಯಸ್ಸಿನಿಂದ ಆ ಹಡಗುಗಳನ್ನು ದಡದಲ್ಲಿ ನಿಂತು ನೋಡಿದ್ದೆ. ಒಂದು ಸಲವೂ ಹತ್ತಿರಲಿಲ್ಲ.

ಇದು ೧೯೪೬ರ ಮಾತು. ಆಗ ನನಗೆ ಇಪ್ಪತ್ತು, ಇದನ್ನು ಬರೆಯುತ್ತಿರುವ ಈಗ ಇಪ್ಪತ್ತಮೂರು. ಆ ವರ್ಷದ ದಿನಚರಿ ಮೇಜಿನ ಮೇಲಿದೆ. ಆದ್ದರಿಂದ ತಾರೀಖುಗಳಲ್ಲಿ ತಪ್ಪಿರಲಾರದು.

ಅಕ್ಟೋಬರ್ ಇಪ್ಪತ್ತಾರು, ಶನಿವಾರ. ಕುಮಟೆಯ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು, ಹೊನ್ನಾವರದಲ್ಲಿ ತಾರಿ ದೋಣಿಯಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಇದ್ದಲಿನ ಗ್ಯಾಸಿನಿಂದ ಓಡುವ ಬಸ್ಸು ಹಿಡಿದು ಭಟ್ಕಳ ಮುಟ್ಟಿದಾಗ ಮೂರೂವರೆ. ಬಸ್ಸು ಎರಡು ಕಡೆ ನಿಂತಿತ್ತು, ಒಂದು ಕಡೆ ನಾವೇ ಇಳಿದು ದೂಡಿದ್ದೆವು. ಅತ್ತೆಯ ಮನೆಯ ಜಗಲಿಯಲ್ಲಿ ಕೂತು ಇದನ್ನೇ ಬರೆಯುತ್ತಿದ್ದೆ.

“ಎಂತ ಮಾರಾಯಾ, ಬಂದವ್ನೇ ಬರೀತಾ ಕೂತೆ? ಬಸ್ಸು ದೂಡಿದ್ದನ್ನೂ ಬರೀಬೇಕಾ? ಚಾ ಕುಡಿ ಮೊದ್ಲು,” ಎಂದರು ಅತ್ತೆ.

“ಬರೀದಿದ್ರೆ ಮರ್ತು ಹೋಗ್ತದೆ ಅತ್ತೆ.”

“ಮರೆಯೂಕೇ ಬೇಕಾದ್ದು ಅದು.”

ಆ ವರ್ಷ ಬಂದಿದ್ದದ್ದು ಒಂದೇ ಹಡಗು. ಅದರ ಖರ್ಜೂರವನ್ನೆಲ್ಲ ಕೊಂಡಿದ್ದವರು ಅತ್ತೆಯ ಮನೆಯ ಎದುರಿನ ಸಾಹೇಬರು, ಭಟ್ಕಳದ ನವಾಯತ ಮುಸಲ್ಮಾನರು. ಹರೆಯದಲ್ಲಿ ಏಳು ವರ್ಷ ಬಸ್ರಾದಲ್ಲಿದ್ದವರು, ಅರಬಿ ಬಲ್ಲವರು. ನನ್ನ ಪಟ್ಟಿಯನ್ನು ಅವರಿಗೆ ತೋರಿಸಿದೆ. ಹಡಗಿನ ಯಜಮಾನನಾದ ನಾಖುದಾನ ಹತ್ತಿರ ಮಾತಾಡಿ ಬಂದು, “ನಾಡಿದ್ದು ಮೂರು ಗಂಟೆಗೆ ದಕ್ಕೆಗೆ ಬಾ ಅಂದಿದ್ದಾರೆ ತಮ್ಮಾ, ನಾನೂ ಇರ್ತೆ,” ಎಂದರು.

ಸೋಮವಾರ ಎರಡೂ ಮುಕ್ಕಾಲಿಗೆ ಹಡಗು ಕಟ್ಟುವ ದಕ್ಕೆಯಲ್ಲಿದ್ದೆ. ನಾಲ್ಕೂ ಕಾಲಿನ ತನಕ ನಿಂತೆ. ಯಾರೂ ಬರಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಸಾಹೇಬರ ಅಂಗಡಿಗೆ ಹೋದರೆ ಅವರಿಗೂ ಸಿಟ್ಟು. “ಎಲ್ಲಿ ಹೋಗಿದ್ದೆ? ನಾಖುದಾ ಕಾದೂ ಕಾದೂ ಹೋದ್ರು.” ಆಮೇಲೆ ನನ್ನ ಕೈಗಡಿಯಾರ ನೋಡಿ ಹಣೆ ಬಡಿದುಕೊಂಡು ನಕ್ಕರು. “ತಪ್ಪು ನಂದು. ಅವರ ಗಡಿಯಾರ ಬೇರೆ. ಹೊತ್ತು ಮುಳುಗ್ತದಲ್ಲ, ಆಗ ಹನ್ನೆರಡು. ಮೂರು ಅಂದ್ರೆ ನಮ್ಮ ಬೆಳಿಗ್ಗೆ ಒಂಬತ್ತು. ಅವರ ಹತ್ರ ಮಾತಾಡಿ ಮಾತಾಡಿ ನಂಗೂ ಅದೇ ಬಾಯಿಗೆ ಬಂದುಹೋತು.”

ಅಂದು ಸಂಜೆಯೇ ದಿನಚರಿಯ ಪುಟಕ್ಕೆ ಇನ್ನೊಂದು ಗೀಟು ಎಳೆದು ಎರಡು ವೇಳೆಗಳ ಕಾಲಮ್ಮು ಮಾಡಿದೆ. ಒಂದು ಕುಮಟೆಯದು, ಒಂದು ಬಸ್ರಾದ್ದು. ಹೀಗೆ ಹೊರದೇಶವನ್ನು ಅರ್ಧ ಗೆದ್ದಂತೆ ನನಗೆ ಅನ್ನಿಸಿತ್ತು. ಮರುದಿನದಿಂದ ಅವರ ಮೂರಕ್ಕೆ ಸರಿಯಾಗಿ ನಾನು ದಕ್ಕೆಯಲ್ಲಿರುತ್ತಿದ್ದೆ.

ನಾಖುದಾನಿಗೆ ಐವತ್ತು ದಾಟಿರಬೇಕು. ಗಡ್ಡದಲ್ಲಿ ಬಿಳಿ ಹೆಚ್ಚು, ಎಡಗೈ ಕಿರುಬೆರಳು ಅರ್ಧಕ್ಕಿಲ್ಲ. ನನ್ನನ್ನು ಕಾತಿಬ್ ಎಂದು ಕರೆಯುತ್ತಿದ್ದ. ಬರೆಯುವವನು ಎಂದು ಅರ್ಥ, ಸಾಹೇಬರು ಹೇಳಿದರು. ನಾನು ಕೇಳುವುದು, ಸಾಹೇಬರು ಅರಬಿಗೆ ತಿರುಗಿಸುವುದು, ಅವನು ಖರ್ಜೂರದ ಚಾಪೆಮೂಟೆಗೆ ಒರಗಿ ಯೋಚಿಸಿ ಉತ್ತರ ಕೊಡುವುದು. ಪುಕ್ಕಟೆ ಏನನ್ನೂ ಕೊಡುವವನಲ್ಲ. ನನ್ನ ಪ್ರತಿ ಪ್ರಶ್ನೆಗೂ ಅವನದೊಂದು ಪ್ರಶ್ನೆ ಇರುತ್ತಿತ್ತು. ನಿಮ್ಮಲ್ಲಿ ಹೆಣ್ಣುಮಕ್ಕಳು ಗದ್ದೆಯಲ್ಲಿ ಬಗ್ಗಿದಾಗ ಮಾತ್ರ ಯಾಕೆ ಹಾಡುತ್ತಾರೆ? ನಿನ್ನ ಅಪ್ಪನಿಗೆ ಇರುವುದು ಒಬ್ಬಳೇ ಹೆಂಡತಿಯೇ? ಹಾಗಾದರೆ ಜಗಳವಾದಾಗ ಅವನು ಎಲ್ಲಿ ಮಲಗುತ್ತಾನೆ? ಈ ಕೊನೆಯದನ್ನು ಕನ್ನಡಕ್ಕೆ ತರುವಾಗ ಸಾಹೇಬರು ನನ್ನ ಮುಖ ನೋಡಲಿಲ್ಲ.

ಆರು ದಿನಗಳಲ್ಲಿ ನಲವತ್ತೂ ಮುಗಿದವು. ವ್ಯಾಪಾರದ ಮಾತು ಮೂರನೆಯ ಬಟ್ಟಲು ಕಾಫಿಯ ನಂತರ. ಎದುರಿಗಿರುವವನಿಗೆ ಅಂಗಾಲು ಕಾಣುವಂತೆ ಕೂರಬಾರದು. ಮನೆಯ ಹೆಂಗಸರ ಯೋಗಕ್ಷೇಮವನ್ನು ಹೆಸರು ಹಿಡಿದು ಕೇಳಬಾರದು. ಇಪ್ಪತ್ತೇಳನೆಯದು ಊಟದ ಪದ್ಧತಿ. ಅದರ ಎದುರಿಗೆ ದುಂಡಗಿನ ಅಕ್ಷರದಲ್ಲಿ ಬರೆದೆ: ‘ಎಲ್ಲರೂ ಒಂದೇ ಹರಿವಾಣದ ಸುತ್ತ ಕೂತು, ಅದರಿಂದಲೇ ಬಲಗೈಯಲ್ಲಿ ಉಣ್ಣುತ್ತಾರೆ. ಯಜಮಾನ, ಆಳು ಎಂಬ ಭೇದವಿಲ್ಲ.’

ನವೆಂಬರ್ ಮೂರರಂದು ಪುಸ್ತಕ ಮುಚ್ಚಿದಾಗ ನಾಖುದಾ ಕೇಳಿದ: “ಇಷ್ಟೆಲ್ಲ ನನ್ನ ಬಾಯಿಂದ ಯಾಕೆ ಕೇಳುತ್ತೀ? ಬಂದು ನೋಡಬಾರದೇ?”

ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಬಕ್ರೀದು ಮುಗಿಸಿ ಒಂಬತ್ತನೇ ತಾರೀಖು ಹಾಯಿ ಎತ್ತುತ್ತೇವೆ, ಹಡಗಿನ ಲೆಕ್ಕ ಬರೆಯುವವನಿಗೆ ಸಹಾಯಕ ಎಂದು ನಿನ್ನ ಹೆಸರನ್ನು ಬಂದರ ಕಚೇರಿಯ ಪಟ್ಟಿಯಲ್ಲಿ ಸೇರಿಸುತ್ತೇನೆ, ಅಪ್ಪನ ಒಪ್ಪಿಗೆ ತಾ ಎಂದ. ಆ ದಿನದ ಪುಟದಲ್ಲಿ ಅಕ್ಷರಗಳು ಓರೆಯಾಗಿವೆ. ಹೋಗಲು ಇಪ್ಪತ್ತೆರಡು ದಿನ, ಬಸ್ರಾದಲ್ಲಿ ಎಂಟು, ಅಲ್ಲಿಂದ ಬೊಂಬಾಯಿಗೆ ಉಗಿಹಡಗಿನಲ್ಲಿ ಹತ್ತು. ಒಟ್ಟು ನಲವತ್ತು. ಕಾಲೇಜು ಇಪ್ಪತ್ತಕ್ಕೆ ತೆರೆಯುತ್ತದೆ, ತಪ್ಪುವುದು ಇಪ್ಪತ್ತೊಂಬತ್ತು ದಿನ, ಹಾಜರಿ ಕಷ್ಟದಲ್ಲಿ ಸಾಲುತ್ತದೆ. ಇದನ್ನು ಮೂರು ಸಲ ಕೂಡಿಸಿದ್ದೇನೆ. ಮೂರು ಸಲವೂ ಅಷ್ಟೇ ಬಂದಿದೆ.

ಮರುದಿನ ಕುಮಟೆಗೆ ಹೋದೆ. ಅಪ್ಪ ಅಲ್ಲಿಯ ಕೋರ್ಟಿನಲ್ಲಿ ಕಾರಕೂನ. ಬೈಗುಳಕ್ಕೆ ತಯಾರಾಗಿ ದಾರಿಯಲ್ಲೇ ಹನ್ನೊಂದು ವಾದಗಳನ್ನು ಬರೆದುಕೊಂಡಿದ್ದೆ. ಎರಡನೆಯದನ್ನು ಹೇಳುತ್ತಿರುವಾಗಲೇ ಅಪ್ಪ ಕೈಯೆತ್ತಿ ತಡೆದರು.

“ನಲವತ್ತೆಂಟು ವರ್ಷಕ್ಕೆ ನಾನು ಘಟ್ಟ ಹತ್ತಿದ್ದು ನಾಲ್ಕೇ ಸಲ. ನಾಲ್ಕು ಸಲವೂ ಕೋರ್ಟಿನ ಕಾಗದ ಒಯ್ಯೂಕೆ. ಹೋಗಿ ಬಾ. ಮಾರ್ಚಿನ ಪರೀಕ್ಷೆ ತಪ್ಪಿದ್ರೆ ಮಾತ್ರ ಅಲ್ಲೇ ಖರ್ಜೂರ ಮಾರ್ಕಂಡು ಇರು.”

ಒಳಗಿನಿಂದ ಅಮ್ಮ ಕೇಳಿದರು, “ಅಲ್ಲಿ ಉಣ್ಣೂಕೆ ಎಂತ ಸಿಗ್ತು?”

“ಅನ್ನ, ಮೀನು.”

“ಹಂಗಾರೆ ಚಿಂತಿಲ್ಲೆ.”

ಅಪ್ಪನ ಒಪ್ಪಿಗೆಪತ್ರ, ಎರಡು ಪಂಚೆ, ಎರಡು ಅಂಗಿ, ಹೊಸ ನೋಟುಪುಸ್ತಕ ಒಂದು. ಬುಧವಾರ ಸಂಜೆಗೆ ಮತ್ತೆ ಭಟ್ಕಳದಲ್ಲಿದ್ದೆ. ನಾಳೆ ಮಧ್ಯಾಹ್ನ ಹಡಗಿನಲ್ಲೇ ಊಟಕ್ಕೆ ಬರಬೇಕಂತೆ, ಊಟವಾದ ಮೇಲೆ ಎಲ್ಲರೂ ಸೇರಿ ಬಂದರ ಕಚೇರಿಗೆ ಹೋಗುವುದಂತೆ ಎಂದು ಸಾಹೇಬರು ತಿಳಿಸಿದರು.

ಗುರುವಾರ ಹೊರಡುವ ಮುಂಚೆ ಅತ್ತೆಯ ಹಿತ್ತಲಿಗೆ ಹೋಗಿ ಒಂದು ಬಾಳೆಎಲೆ ಕೊಯ್ದೆ. ತೊಳೆದು, ಒರೆಸಿ, ಸುರುಳಿ ಸುತ್ತಿ ಚೀಲದಲ್ಲಿಟ್ಟೆ. ಅತ್ತೆ ಬಾವಿಕಟ್ಟೆಯಿಂದ ನೋಡುತ್ತಿದ್ದರು.

“ಉಣ್ಣೂಕೆ ಕರ್ದವ್ರ ಮನೆಗೆ ಎಲೆ ಎಂತಕ್ಕೆ?”

“ಅವ್ರಿಗೆ ತ್ರಾಸು ಬೇಡ ಅಂತ.”

“ಬೊಂಬಾಯಿ ಹೋಟ್ಲಲ್ಲಿ ಯಾರ್ಯಾರೋ ಉಂಡ ತಾಟಲ್ಲಿ ಉಣ್ತೆ. ಅಲ್ಲಿಗೂ ಎಲೆ ಒಯ್ತ್ಯಾ?”

ಚೀಲವನ್ನು ಹೆಗಲಿಗೇರಿಸಿ ಹೊರಟೆ. ಹೊತ್ತಾಗಿತ್ತು.

ಮೊದಲ ಬಾರಿಗೆ ಆ ಹಡಗನ್ನು ಹತ್ತಿದೆ. ಹಗ್ಗ, ಮೀನೆಣ್ಣೆ, ಖರ್ಜೂರ ಎಲ್ಲ ಸೇರಿದ ವಾಸನೆ. ಉದ್ದ ಮೂವತ್ತೊಂದು ಹೆಜ್ಜೆ. ಹಾಯಿಬಟ್ಟೆಯ ನೆರಳಿನಲ್ಲಿ ಚಾಪೆ ಹಾಸಿ, ನಡುವೆ ಕಲಾಯಿ ಹಾಕಿದ ದೊಡ್ಡ ಹರಿವಾಣ ಇಟ್ಟಿದ್ದರು. ಅದರ ತುಂಬ ಬಿಸಿ ಅನ್ನ, ಮೇಲೆ ಸುಟ್ಟ ಇಸೋಣ ಮೀನು. ನಾಖುದಾ, ಸಾಹೇಬರು ಮತ್ತು ಹಡಗಿನ ಐವರು ಖಲಾಸಿಗಳು ಸುತ್ತ ಕೂತಿದ್ದರು. ನಾಖುದಾನ ಬಲಕ್ಕೆ ಒಬ್ಬನ ಜಾಗ ಖಾಲಿ ಬಿಟ್ಟಿದ್ದರು.

ನಾನು ಅಲ್ಲಿ ಕೂರಲಿಲ್ಲ. ಆ ಖಾಲಿ ಜಾಗದ ಹಿಂದೆ, ಒಂದು ಮೊಳ ದೂರದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತೆ. ಚೀಲದಿಂದ ಎಲೆ ತೆಗೆದು ಹಾಸಿದೆ. ಲೋಟದ ನೀರನ್ನು ಎಲೆಗೆ ಚಿಮುಕಿಸಿ ಕೈಯಿಂದ ಸವರಿದೆ. ತಲೆ ಎತ್ತಿದಾಗ ಏಳು ಜನರೂ ಎಲೆಯನ್ನೇ ನೋಡುತ್ತಿದ್ದರು. ನಾಖುದಾ ಎದ್ದ. ಕೈಯನ್ನು ಮತ್ತೊಮ್ಮೆ ತೊಳೆದ. ಯಾರ ಕೈಯೂ ತಾಗದ ಅನ್ನವನ್ನು ನಡುವಿನಿಂದ ತೆಗೆದು, ಮೀನಿನ ಎಲ್ಲಕ್ಕಿಂತ ದೊಡ್ಡ ತುಂಡನ್ನು ಮುರಿದು, ಬಗ್ಗಿ ನನ್ನ ಎಲೆಗೆ ಬಡಿಸಿದ. ಆಮೇಲೆ ಹೋಗಿ ತನ್ನ ಜಾಗದಲ್ಲಿ ಕೂತ. ಅವನೂ ಆಚೆ ಬದಿಯ ಖಲಾಸಿಯೂ ಸ್ವಲ್ಪ ಸ್ವಲ್ಪ ಸರಿದರು. ಖಾಲಿ ಜಾಗ ಮುಚ್ಚಿಹೋಯಿತು.

ಅವರ ಬೆನ್ನುಗಳ ನಡುವೆ ನನಗೆ ಕೈಗಳು ಮಾತ್ರ ಕಾಣುತ್ತಿದ್ದವು. ಒಬ್ಬ ಮುಳ್ಳು ಬಿಡಿಸಿ ಮೀನನ್ನು ಪಕ್ಕದವನ ಕಡೆ ದೂಡುತ್ತಿದ್ದ. ಅವನು ಅದನ್ನು ಇನ್ನೊಬ್ಬನ ಕಡೆಗೆ. ಹೊಟ್ಟೆ ತುಂಬ ಉಂಡೆ ಎಂದು ದಿನಚರಿಯಲ್ಲಿದೆ. ರುಚಿಯ ಬಗ್ಗೆ ಏನೂ ಇಲ್ಲ.

ಕೈ ತೊಳೆದ ಮೇಲೆ ಅಪ್ಪನ ಪತ್ರ ಕೊಟ್ಟೆ. ನಾಖುದಾ ಅದನ್ನು ಬಿಡಿಸದೆ ತೊಡೆಯ ಮೇಲಿಟ್ಟುಕೊಂಡು ಸಾಹೇಬರ ಹತ್ತಿರ ಬಹಳ ಹೊತ್ತು ಮಾತಾಡಿದ. ಸಾಹೇಬರು ನೆಲ ನೋಡುತ್ತ ಕನ್ನಡದಲ್ಲಿ ಹೇಳಿದರು:

“ಸಮುದ್ರದ ಮೇಲೆ ಇಪ್ಪತ್ತೆರಡು ದಿನ. ನನ್ನ ಹತ್ರ ಇರೂದು ಒಂದೇ ಹರಿವಾಣ. ಬಂದ ಅತಿಥಿ ದಿನಾ ಎರಡು ಹೊತ್ತು ಬೇರೆ ಕೂತು ಉಂಡ್ರೆ ನನ್ನ ಜನರ ಗಂಟಲಲ್ಲಿ ಅನ್ನ ಇಳಿಯೂದಿಲ್ಲ, ಅಂತಾರೆ.”

“ನಾಳೆಯಿಂದ ಕೂಡಿ ಉಣ್ತೇನೆ ಅಂತ ಹೇಳಿ ಸಾಹೇಬ್ರೆ. ಈಗ್ಲೇ ಬೇಕಾದ್ರೆ ಈಗ್ಲೇ.”

ಸಾಹೇಬರು ಹೇಳಿದರು. ನಾಖುದಾ ನಕ್ಕ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಾಳೆ ನೀನು ಹೇಳಿಸ್ಕಂಡು ಉಣ್ತೆ, ಮನಸ್ಸಿಂದಲ್ಲ, ಅಂತಾರೆ.” ಪತ್ರವನ್ನು ಹಾಗೆಯೇ ನನ್ನ ಕೈಗಿಟ್ಟು, ನಾಖುದಾ ನನ್ನ ಹೆಗಲನ್ನು ಎರಡು ಸಲ ತಟ್ಟಿದ.

ದಕ್ಕೆಯ ಮೇಲೆ ಸಾಹೇಬರು ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟರು. “ಎಂತ ತಮ್ಮಾ ಇದು! ನಲವತ್ತು ಪ್ರಶ್ನೆ ಕೇಳ್ದೆ, ಇದೊಂದು ಕೇಳೂಕೆ ಆಗ್ಲಿಲ್ವಾ?”

“ಕೇಳಿದ್ದೆ ಸಾಹೇಬ್ರೆ. ಇಪ್ಪತ್ತೇಳನೇದು.”

“ಮತ್ತೆ?”

ಆ ಸಂಜೆ ಕಾರಣವನ್ನು ಬರೆಯಲು ಕೂತೆ. ಮರ್ಯಾದೆಗಾಗಿ ಎಲೆ ಒಯ್ದೆ ಎಂದು ಬರೆದು ಹೊಡೆದು ಹಾಕಿದ್ದೇನೆ. ಅಭ್ಯಾಸಬಲ ಎಂದು ಬರೆದು ಅದನ್ನೂ ಹೊಡೆದಿದ್ದೇನೆ. ಉಳಿದಿರುವುದು ಎರಡು ಮಾತು: ‘ಕೈ ಹೋಗಲಿಲ್ಲ.’ ಮೀನು ನಮಗೆ ಹೊಸದಲ್ಲ, ಅವರು ನನಗೆ ಪರಕೀಯರಲ್ಲ. ಆ ಹಿಂದಿನ ಹತ್ತು ದಿನಗಳಲ್ಲಿ ನಾಖುದಾನಷ್ಟು ನಾನು ಇಷ್ಟಪಟ್ಟವರು ಬೇರೆ ಯಾರೂ ಇರಲಿಲ್ಲ. ಆದರೂ ಏಳು ಕೈಗಳು ಆಡುವ ಅನ್ನದಲ್ಲಿ ಎಂಟನೆಯದಾಗಿ ಕೈಯಿಡುವುದನ್ನು ಹಿಂದಿನ ರಾತ್ರಿಯಿಂದ ನಾನು ಒಮ್ಮೆಯೂ ಕಲ್ಪಿಸಿಕೊಂಡಿರಲಿಲ್ಲ. ಬಸ್ರಾದ ಬೀದಿ, ನದಿ, ಖರ್ಜೂರದ ತೋಟ ಎಲ್ಲವನ್ನೂ ಕಲ್ಪಿಸಿಕೊಂಡಿದ್ದೆ.

ಒಂಬತ್ತರಂದು ಶನಿವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಹಾಯಿ ಎತ್ತಿದರು. ಸಾಹೇಬರಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ, ನಾನೊಬ್ಬನೇ ಹೋಗಿದ್ದೆ. ಹಡಗು ಅಳಿವೆಯ ಕಡೆ ತಿರುಗುವಾಗ ನಾಖುದಾ ಕೈ ಬೀಸಿ ಕಾತಿಬ್ ಎಂದು ಕೂಗಿ, ಮುಂದೆ ಏನೋ ಉದ್ದವಾಗಿ ಹೇಳಿದ. ಅರ್ಥ ಹೇಳುವವರು ಪಕ್ಕದಲ್ಲಿ ಇರಲಿಲ್ಲ. ನಾನೂ ಕೈ ಬೀಸಿದೆ. ಒಂಬತ್ತೂ ಹತ್ತರ ತನಕ ಹಾಯಿ ಕಾಣುತ್ತಿತ್ತು.

ಬೊಂಬಾಯಿಗೆ ಹಿಂತಿರುಗಿ ಉತ್ತರಗಳನ್ನು ಒಪ್ಪಿಸಿದೆ. ತರಗತಿಗೆ ನನ್ನದೇ ಮೊದಲು. ಪ್ರಾಧ್ಯಾಪಕರು ಅದರಿಂದ ಮೂರು ಉತ್ತರಗಳನ್ನು ಗಟ್ಟಿಯಾಗಿ ಓದಿದರು, ಇಪ್ಪತ್ತೇಳನೆಯದೂ ಅದರಲ್ಲಿತ್ತು. ಪುಸ್ತಕದಲ್ಲಿ ಸಿಗುವ ವಿಷಯವಲ್ಲ ಇದು, ಆ ಜನರ ನಡುವೆ ಇದ್ದು ಕಲಿತದ್ದು ಎಂದರು. ಹಿಂದಿನ ಬೆಂಚಿನ ಗೆಳೆಯ ನನ್ನ ಬೆನ್ನು ಗುದ್ದಿದ. ನಾನು ಮಸಿಕುಡಿಕೆಯ ಮುಚ್ಚಳವನ್ನು ತಿರುಗಿಸುತ್ತ ಕೂತಿದ್ದೆ.

ಹಡಗು ಹೊರಟಂದಿನಿಂದ ದಿನಚರಿಯ ಪ್ರತಿ ಪುಟದ ತಲೆಯಲ್ಲಿ ಒಂದು ಸಾಲು ಅದಕ್ಕೆಂದೇ ಇದೆ. ಅಟ್ಲಾಸಿನ ಮೇಲೆ ದಾರ ಹಿಡಿದು ಅಳೆದು ಬರೆಯುತ್ತಿದ್ದೆ. ‘ಆರನೆಯ ದಿನ. ನೆಲ ಕಾಣುತ್ತಿರಲಾರದು.’ ‘ಹದಿಮೂರನೆಯ ದಿನ. ಮಸ್ಕತ್ ಹತ್ತಿರ ಇರಬಹುದು. ನೀರು ತುಂಬಿಕೊಳ್ಳಲು ನಿಂತಿರಬಹುದು.’ ಖಾನಾವಳಿಯಲ್ಲಿ ಮಧ್ಯಾಹ್ನ ತಾಟಿನ ಮುಂದೆ ಕೂತಾಗ ಹಾಯಿಯ ನೆರಳಿನಲ್ಲಿ ಅವರೂ ಈಗ ಕೂತಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಇಪ್ಪತ್ತನೆಯ ದಿನ, ಇಪ್ಪತ್ತೊಂದನೆಯ ದಿನ. ನವೆಂಬರ್ ಮೂವತ್ತರ ಪುಟದಲ್ಲಿ ‘ಇಪ್ಪತ್ತೆರಡು. ಇಂದು ಬಸ್ರಾ’ ಎಂದು ಬರೆದು ಉಳಿದ ಪುಟವನ್ನು ಖಾಲಿ ಬಿಟ್ಟಿದ್ದೇನೆ.

ಡಿಸೆಂಬರ್ ಐದಕ್ಕೆ ಸಾಹೇಬರ ಕಾರ್ಡು ಬಂತು. ಬಸ್ರಾದಿಂದ ತಂತಿ ಬಂದಿದೆ, ಗಾಳಿ ಚೆನ್ನಾಗಿ ಸಿಕ್ಕಿತಂತೆ, ಹಡಗು ನವೆಂಬರ್ ಇಪ್ಪತ್ತೇಳಕ್ಕೇ ಸುಖವಾಗಿ ಮುಟ್ಟಿದೆ ಎಂದು ಬರೆದಿದ್ದರು. ಬೆರಳು ಮಡಚಿ ಎಣಿಸಿದೆ. ಹತ್ತೊಂಬತ್ತೇ ದಿನ. ಅವರೆಲ್ಲ ಇಳಿದು ತಮ್ಮ ತಮ್ಮ ಮನೆ ಸೇರಿದ ಮೇಲೂ, ಮೂರು ದಿನ ನಾನೊಬ್ಬನೇ ಸಮುದ್ರದ ಮೇಲಿದ್ದೆ.