ಬೇಸಿಗೆಯಲ್ಲೂ ಸ್ವೆಟರ್ ತೊಡುವ ತಂಪಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊರಗೆ ಆಗಲೇ ಸೆಕೆ. ಆಸ್ಪತ್ರೆಯ ಹಿಂಬದಿಯ ಕಾರಿಡಾರಿನಲ್ಲಿ, ಕೊನೆಯ ಬಾಗಿಲ ಮುಂದೆ ಒಬ್ಬ ಹೆಂಗಸು ನಿಂತು ಉಣ್ಣೆಯ ಸ್ವೆಟರಿಗೆ ಕುತ್ತಿಗೆವರೆಗೂ ಗುಂಡಿ ಹಾಕಿಕೊಳ್ಳುತ್ತಿದ್ದಾರೆ. ಬಾಗಿಲು ತೆರೆದೊಡನೆ ಚಳಿ ಮುಖಕ್ಕೆ ಬಡಿಯುತ್ತದೆ, ಜೊತೆಗೆ ಜೇನುಗೂಡಿನಂಥ ಗುಂಯ್‌ಗುಟ್ಟುವ ಸದ್ದು.

ಒಳಗೆ ಆಳೆತ್ತರದ ಕಬ್ಬಿಣದ ಬೀರುಗಳು, ಅವುಗಳ ತುಂಬ ಹಾರ್ಡ್ ಡಿಸ್ಕುಗಳು. ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳೆಲ್ಲ ಕೂಡಿಟ್ಟಿರುವುದು ಇಲ್ಲೇ. ಹಗಲಿರುಳೆನ್ನದೆ ಬುಗುರಿಗಿಂತ ಜೋರಾಗಿ ಸುತ್ತುವ ಡಿಸ್ಕುಗಳು ಬಿಸಿಯಾಗುತ್ತವೆ. ಕಾವು ಮಿತಿಮೀರಿದರೆ ಕೈಕೊಡುತ್ತವೆ. ಅವು ಬಿಸಿಯೇರದಂತೆ ನೋಡಿಕೊಳ್ಳುವ ಈ ಹೆಂಗಸನ್ನು ಆಸ್ಪತ್ರೆಯವರೆಲ್ಲ ಕರೆಯುವುದು ‘ತಂಪಕ್ಕ’ ಎಂದೇ.

ತಂಪಕ್ಕ ಮೊದಲು ಬೀರುಗಳ ಹಿಂದೆ ಹೋಗಿ ಅಂಗೈ ಒಡ್ಡುತ್ತಾರೆ. "ಮುಂದಿಂದ ತಣ್ಣಗಿನ ಗಾಳಿ ಒಳಗೆ ಹೋಗುತ್ತೆ, ಹಿಂದಿಂದ ಬಿಸಿ ಗಾಳಿ ಬರುತ್ತೆ. ಬಿಸಿ ಬಂದ್ರೆ ಒಳ್ಳೇದು. ಬರ್ಲಿಲ್ಲ ಅಂದ್ರೆ ಒಳಗೆಲ್ಲೋ ಉಸಿರು ಕಟ್ಟಿದೆ ಅಂತ ಲೆಕ್ಕ," ಎನ್ನುತ್ತಾ ಧೂಳು ತಡೆಯುವ ಜಾಲರಿಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಇವನ್ನು ತೊಳೆದು ಒಣಗಲು ಬಿಟ್ಟು, ಹಿಂದಿನ ದಿನ ತೊಳೆದು ಒಣಗಿಸಿಟ್ಟ ಜಾಲರಿಗಳನ್ನು ಆ ಜಾಗಕ್ಕೆ ಹಾಕಬೇಕು. ಸಣ್ಣ ಫ್ಯಾನುಗಳ ರೆಕ್ಕೆ ಒರೆಸಬೇಕು. ಖಾಲಿ ಖಾನೆಗಳ ಮುಚ್ಚಳ ಸಡಿಲಾಗಿದ್ದರೆ ಬಿಗಿ ಮಾಡಬೇಕು, ಇಲ್ಲದಿದ್ದರೆ ಬಿಸಿ ಗಾಳಿ ಅಲ್ಲಿಂದಲೇ ನುಸುಳಿ ಮತ್ತೆ ಮುಂದಕ್ಕೆ ಬರುತ್ತದೆ.

ಇದಕ್ಕೂ ಮುಂಚೆ ಅವರು ಇದ್ದದ್ದು ಕೋಳಿಮರಿ ಮಾಡುವ ಕಾರ್ಖಾನೆಯಲ್ಲಿ. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಕೆಲಸ. "ಅಲ್ಲೂ ಗಾಳಿದೇ ತಲೆನೋವು. ಒಂದು ಮೂಲೆಗೆ ಹೋಗ್ಲಿಲ್ಲ ಅಂದ್ರೆ ಆ ಮೂಲೆ ಮೊಟ್ಟೆ ಮರಿಯಾಗಲ್ಲ." ಕಾರ್ಖಾನೆ ಮುಚ್ಚಿದ ಮೇಲೆ ಆಸ್ಪತ್ರೆಯಲ್ಲಿ ನೆಲ ಒರೆಸಲು ಸೇರಿದರು. ಈ ಕೋಣೆಗೆ ತಾಳ್ಮೆಯವರೊಬ್ಬರು ಬೇಕೆಂದು ಕಂಪ್ಯೂಟರ್ ವಿಭಾಗದ ಎಂಜಿನಿಯರ್ ಕೇಳಿದಾಗ ಉಳಿದವರು ಚಳಿಗೆ ಹೆದರಿ ಹಿಂದೆ ಸರಿದರು, ಇವರು ಹೂಂ ಅಂದರು. ಎಲ್ಲವನ್ನೂ ಕೂರಿಸಿಕೊಂಡು ಕಲಿಸಿದವರು ಆ ಎಂಜಿನಿಯರೇ.

ಕಷ್ಟವಿಲ್ಲವೆಂದಲ್ಲ. ಬೆರಳು ಮರಗಟ್ಟುತ್ತವೆ, ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದೆ. ಸದ್ದಿನ ನಡುವೆ ಕೂಗಿ ಮಾತಾಡಿ ಅದೇ ರೂಢಿಯಾಗಿದೆ. "ಮನೆಗೆ ಹೋದ್ರೆ ಮಗಳು, ‘ಅಮ್ಮ, ಇಲ್ಲಿ ಯಾವ ಫ್ಯಾನೂ ಓಡ್ತಿಲ್ಲ, ಮೆಲ್ಲಗೆ ಮಾತಾಡು’ ಅಂತಾಳೆ," ಎಂದು ನಗುತ್ತಾರೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನವನ್ನು ಮಾತ್ರ ಅವರು ನಗದೆ ಹೇಳುತ್ತಾರೆ. ಕೋಣೆ ತಂಪು ಮಾಡುವ ಎರಡು ಯಂತ್ರಗಳಲ್ಲಿ ಒಂದನ್ನು ರಿಪೇರಿಗೆ ಬಿಚ್ಚಿಟ್ಟಿದ್ದರು. ಇನ್ನೊಂದರ ಮೋಟಾರು ಇದ್ದಕ್ಕಿದ್ದಂತೆ ಸುಟ್ಟುಹೋಯಿತು. ರಿಪೇರಿಗೆ ಬಂದಿದ್ದ ಮೆಕ್ಯಾನಿಕ್, ಬಿಚ್ಚಿಟ್ಟ ಯಂತ್ರವನ್ನು ಮತ್ತೆ ಜೋಡಿಸಲು ಏಣಿ ಹತ್ತಿ ತಾರಸಿಗೆ ಓಡಿದ. ಎಂಜಿನಿಯರ್ ಒಂದೊಂದೇ ಬೀರು ಆಫ್ ಮಾಡುತ್ತ ಬಂದು ಕೊನೆಯ ಬೀರಿನ ಮುಂದೆ ನಿಂತುಬಿಟ್ಟರು.

"ತಂಪಕ್ಕ, ಇದನ್ನ ಆಫ್ ಮಾಡೋ ಹಾಗಿಲ್ಲ. ಮೇಲೆ ತಲೆ ಆಪರೇಷನ್ ನಡೀತಿದೆ. ಡಾಕ್ಟ್ರು ಇದರಲ್ಲಿರೋ ಚಿತ್ರ ನೋಡ್ಕೊಂಡೇ ಮಾಡ್ತಿದ್ದಾರೆ."

ತಂಪಕ್ಕ ಕಚೇರಿಯ ಟೇಬಲ್ ಫ್ಯಾನುಗಳನ್ನೆಲ್ಲ ಹೊತ್ತು ತಂದು ಬೀರಿನ ಮುಂದೆ ಸಾಲಾಗಿ ಇಟ್ಟರು. "ಎರಡನ್ನ ಹಿಂದಕ್ಕಿಡಿ, ಬಿಸಿ ಗಾಳೀನ ಬಾಗಿಲ ಕಡೆ ತಳ್ಳಲಿ," ಎಂದರು ಎಂಜಿನಿಯರ್. ಫ್ಯಾನುಗಳನ್ನು ಹಾಗೆಯೇ ತಿರುಗಿಸಿಟ್ಟು, ಪಕ್ಕದ ವಾರ್ಡಿನಿಂದ ರಬ್ಬರ್ ಹಾಳೆ ತಂದು, ಬಿಸಿ ಮುಂದಕ್ಕೆ ತಿರುಗದಂತೆ ಬೀರಿನ ಪಕ್ಕಕ್ಕೆ ಅಡ್ಡ ಹಿಡಿದು ನಿಂತರು. ಬೆವರು ಕಣ್ಣಿಗಿಳಿಯುತ್ತಿತ್ತು. ಬೀರಿನ ಕಾವು ತೋರಿಸುವ ತೆರೆಯ ಮೇಲಿನ ಅಂಕಿ ಏರಿತು, ಕೆಂಪಿನ ಅಂಚಿಗೆ ಬಂದು ಅಲ್ಲೇ ನಿಂತಿತು. ಕೊನೆಗೆ ತಾರಸಿಯಿಂದ ಮೆಕ್ಯಾನಿಕ್ ಕೂಗಿದ: "ಅಕ್ಕ, ಗಾಳಿ ಬಂತಾ?"

"ಬಂತಪ್ಪಾ," ಎಂದವರೇ ತಂಪಕ್ಕ ನೆಲದ ಮೇಲೆ ಕುಸಿದು ಕೂತರು.

ಆಪರೇಷನ್ ಚೆನ್ನಾಗಿ ಆಯಿತು. ವಾರದ ನಂತರ ರೋಗಿ ಇದೇ ಕಾರಿಡಾರಿನಲ್ಲಿ ಮಗನ ಕೈಹಿಡಿದು ನಡೆದುಹೋದರಂತೆ. "ನಾನು ಜಾಲರಿ ತೊಳೀತಿದ್ದೆ, ನೋಡ್ಲಿಲ್ಲ. ಎಂಜಿನಿಯರ್ ಸರ್ ಹೇಳಿದ್ರು. ಹೇಳಿದ್ದೇ ಸಾಕು."

ಆಸೆ ಏನಾದರೂ ಇದೆಯೇ ಎಂದರೆ, ಅತ್ತೆಯವರಿಗೆ ಒಮ್ಮೆ ಈ ಕೋಣೆ ತೋರಿಸಬೇಕು ಎನ್ನುತ್ತಾರೆ. ಹೊರಗಿನವರಿಗೆ ಪ್ರವೇಶವಿಲ್ಲ. ಆದರೆ ಮೊನ್ನೆ ಅತ್ತೆ ಮಂಡಿನೋವಿಗೆ ಇಲ್ಲೇ ತೋರಿಸಿಕೊಂಡಾಗ, ಹೋದ ವರ್ಷ ತೆಗೆದ ಮಂಡಿಯ ಎಕ್ಸ್‌ರೇ ಚಿತ್ರವನ್ನು ಡಾಕ್ಟರು ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ತೆರೆಗೆ ತಂದು ಹೋಲಿಸಿದರು. ಅದೆಲ್ಲಿತ್ತು ಎಂದು ಅತ್ತೆ ಕೇಳಿದಾಗ, ‘ನಿಮ್ಮ ಸೊಸೆ ನೋಡ್ಕೊಳ್ಳೋ ಕೋಣೇಲಿ’ ಎಂದರಂತೆ.

"ಈಗ ಬೀದೀಲಿ ಯಾರಾದ್ರೂ ಮಂಡಿ ಹೇಗಿದೆ ಅಂದ್ರೆ ಸಾಕು," ಎಂದು ತಂಪಕ್ಕ ಒದ್ದೆ ಜಾಲರಿ ಕೊಡವುತ್ತಾರೆ. "‘ಒಂದು ನನ್ನ ಹತ್ರ ನೋಯ್ತಾ ಇದೆ, ಇನ್ನೊಂದು ಸೊಸೆ ಹತ್ರ ತಣ್ಣಗಿದೆ’ ಅಂತಾರೆ ನಮ್ಮತ್ತೆ."